ಕೆಮ್ಮಣ್ಣಿನ ತೋಟ, ಕಳೆದ ತಾಳಿ, ಹೊಸ ಕಾಯಿಲ್: ಒಂದು ಪ್ರಕರಣ

ಮೆಟಲ್ ಡಿಟೆಕ್ಟರ್‌ಗೆ ಹೊಸ ಕಾಯಿಲ್ (ಕೋಲಿನ ತುದಿಯಲ್ಲಿ, ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗ) ತಂದೆ ಅಂದರೆ ಎಲ್ಲರೂ ಕೇಳುವುದು ಒಂದೇ. "ಎಷ್ಟು ಆಳ ಹೋಗುತ್ತೆ?" ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಮಣ್ಣು, ಹುಡುಕುವ ವಸ್ತು ಯಾವುದು, ಅದರ ಸುತ್ತ ಬೇರೆ ಏನೇನು ಲೋಹ ಬಿದ್ದಿದೆ, ಇಷ್ಟು ಗೊತ್ತಾದ ಮೇಲೆ ಆಳದ ಮಾತು. ಬರೀ ಬಾಯಲ್ಲಿ ಹೇಳಿದರೆ ಇದನ್ನು ಯಾರೂ ಒಪ್ಪುವುದಿಲ್ಲ. ಅದಕ್ಕೇ ಚಿತ್ರದುರ್ಗ ಜಿಲ್ಲೆಯ ಒಂದು ಅಡಿಕೆ ತೋಟದಲ್ಲಿ ನಡೆದದ್ದನ್ನು ಮೊದಲಿಂದ ಕೊನೆವರೆಗೆ ಬರೆಯುತ್ತಿದ್ದೇನೆ. ಮನೆಯವರು ಬರೆಯಲು ಒಪ್ಪಿದ್ದಾರೆ, ಊರ ಹೆಸರು ಮಾತ್ರ ಬೇಡ ಅಂದಿದ್ದಾರೆ.

ಊರು ಭೀಮಸಮುದ್ರದ ಆಸುಪಾಸಿನದು. ಮಳೆಗಾಲ ಮುಗಿಯುತ್ತಾ ಬಂದಿತ್ತು, ತೋಟದಲ್ಲಿ ಹುಲ್ಲು ಮೊಣಕಾಲೆತ್ತರ. ಮನೆಯ ಸೊಸೆ ದನಕ್ಕೆ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಕೊಟ್ಟಿಗೆಗೆ ತಂದಿದ್ದಾರೆ. ಸಂಜೆ ಮುಖ ತೊಳೆಯುವಾಗ ಕೊರಳು ಮುಟ್ಟಿ ನೋಡಿದರೆ ತಾಳಿ ಸರ ಇಲ್ಲ. ಎಲ್ಲಿ ಕಿತ್ತಿತು, ಯಾವಾಗ ಬಿತ್ತು, ಏನೂ ಗೊತ್ತಿಲ್ಲ. ರಾತ್ರಿಯೇ ಬ್ಯಾಟರಿ ಹಿಡಿದು ಹುಡುಕಿದ್ದಾರೆ. ಮರುದಿನ ಆಳು ಹಚ್ಚಿ ಸೋಗೆ, ಹಾಳೆ ಎಲ್ಲ ಎತ್ತಿ ನೋಡಿದ್ದಾರೆ. ಗೋದಲಿಯಲ್ಲಿ ಉಳಿದ ಹುಲ್ಲನ್ನು ಕೊಡವಿದ್ದಾರೆ. ಸಿಕ್ಕಿಲ್ಲ. ನಾನು ದಾವಣಗೆರೆಯಿಂದ ಹೋಗುವ ಹೊತ್ತಿಗೆ ಅವರ ಕೊರಳಲ್ಲಿ ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿತ್ತು. ಅತ್ತೆ ಜಗಲಿ ಮೇಲೆ ಕೂತಿದ್ದರು. "ಚಿನ್ನ ಮತ್ತೆ ಮಾಡಿಸಬಹುದು ತಮ್ಮಾ, ಆದ್ರೆ ಧಾರೆ ಹೊತ್ತಲ್ಲಿ ಕಟ್ಟಿದ್ದು ಅದೇ ಅಲ್ವಾ" ಅಂದರು. ಕಳೆದ ಒಡವೆ ಹುಡುಕಲು ಹೋದಾಗೆಲ್ಲ ನನಗೆ ತೂಕಕ್ಕಿಂತ ಮೊದಲು ಕೇಳಿಸುವುದು ಇಂಥ ಮಾತು. ಡಿಟೆಕ್ಟರ್ ಕೆಲಸವನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಇದರಿಂದಲೇ.

ಸರದಲ್ಲಿ ಇದ್ದದ್ದು ಇಷ್ಟು: ಎರಡು ತಾಳಿ ಬೊಟ್ಟು, ಕೆಲವು ಚಿನ್ನದ ಗುಂಡು, ಹವಳ, ಕರಿಮಣಿ, ಇವನ್ನೆಲ್ಲ ಹಿಡಿದುಕೊಂಡ ಸಣ್ಣ ಎಳೆಯ ಚೈನು. ಈ ವಿವರ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಮಣ್ಣು ಏನು ಹೇಳಿತು

ನನ್ನ ಹತ್ತಿರ ಇರುವುದು ಗ್ಯಾರೆಟ್ ಎಟಿ ಪ್ರೊ. 15 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಮೆಷಿನ್. ಜೊತೆಗೆ ಬಂದದ್ದು 8.5 ಇಂಚು ಅಗಲ, 11 ಇಂಚು ಉದ್ದದ ಡಬಲ್ ಡಿ ಕಾಯಿಲ್. ಹೊಸದಾಗಿ ತರಿಸಿದ್ದು 5 ಇಂಚು ಅಗಲ, 8 ಇಂಚು ಉದ್ದದ್ದು, ಅದೂ ಡಬಲ್ ಡಿ. ಅದನ್ನು ಬಯಲಲ್ಲಿ ಸರಿಯಾಗಿ ಪರೀಕ್ಷೆ ಮಾಡುವ ಸಂದರ್ಭ ಇನ್ನೂ ಬಂದಿರಲಿಲ್ಲ.

ತೋಟಕ್ಕೆ ಕಾಲಿಟ್ಟ ಮೇಲೆ ಮೊದಲು ಮಾಡಿದ ಕೆಲಸಕ್ಕೆ ಡಿಟೆಕ್ಟರ್ ಬೇಡ. ಹಳೇ ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತ ಒಂದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಟುಕೊಂಡಿರುತ್ತೇನೆ. ಮಳೆ ನೀರು ಹರಿದು ಹೋದ ಕಾಲುವೆಯ ತಳದಲ್ಲಿ ಅದನ್ನು ಒಂದು ಮಾರು ಎಳೆದೆ. ಎತ್ತಿ ನೋಡಿದರೆ ಕವರ್ ಮೇಲೆ ಕಪ್ಪು ಪುಡಿ ಮುಳ್ಳುಮುಳ್ಳಾಗಿ ನಿಂತಿತ್ತು. ಕವರ್ ಬಿಚ್ಚಿ ಅಯಸ್ಕಾಂತ ದೂರ ಸರಿಸಿದ ಕೂಡಲೇ ಪುಡಿ ಉದುರಿ ಬಿತ್ತು, ಅಂಗೈ ತುಂಬುವಷ್ಟು. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರಿನ ಕಣ. ಇಲ್ಲಿ ಇದು ಆಶ್ಚರ್ಯವೇನಲ್ಲ. ಗದಗದ ಕಡೆಯಿಂದ ಚಿತ್ರದುರ್ಗ ಹಾದು ಮಂಡ್ಯದ ಕಡೆಗೆ ಇಳಿಯುವ, 250 ಕೋಟಿ ವರ್ಷಕ್ಕೂ ಹಳೆಯದಾದ ಶಿಲೆಗಳ ಪಟ್ಟಿಯೊಂದು ಇದೆಯಲ್ಲ, ಅದರ ಮೇಲೇ ಈ ಸೀಮೆ ಕೂತಿದೆ. ಇಂಗಳದಾಳಿನ ತಾಮ್ರ, ಭೀಮಸಮುದ್ರ ಮತ್ತು ಹೊಳಲ್ಕೆರೆ ಸುತ್ತಿನ ಕಬ್ಬಿಣದ ಗಣಿಗಳು, ಎಲ್ಲ ಆ ಪಟ್ಟಿಯವೇ.

ಸಾಲದ್ದಕ್ಕೆ ತೋಟಕ್ಕೆ ಮಣ್ಣು ಹೊಡೆಸಿದ್ದರು. ಈ ಕಡೆ ಅಡಿಕೆ ಬೆಳೆಗಾರರು ಗುಡ್ಡದ ಕೆಮ್ಮಣ್ಣನ್ನೋ ಕೆರೆ ಗೋಡನ್ನೋ ಟ್ರ್ಯಾಕ್ಟರ್‌ನಲ್ಲಿ ತರಿಸಿ ಬುಡಕ್ಕೆ ಹಾಕುತ್ತಾರೆ. ಇವರ ತೋಟದಲ್ಲಿ ಮೇಲಿನ ಅರ್ಧ ಕೆಮ್ಮಣ್ಣು, ಕೆಳಗಿನ ಅರ್ಧ ಕೆರೆ ಗೋಡು. ಕೆಮ್ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಗೋಡಿನ ಜೊತೆ ಬಂದದ್ದು ಕಸ: ಬಾಟಲಿ ಮುಚ್ಚಳ, ಬ್ಲೇಡು, ಮೊಳೆ, ಬೈಂಡಿಂಗ್ ವೈರಿನ ತುಂಡು. ಮೇಲೆ ರಸಗೊಬ್ಬರ, ನೀರು. ಪೊಟ್ಯಾಷ್ ಒಂದು ಉಪ್ಪೇ, ಒದ್ದೆ ಮಣ್ಣಿನಲ್ಲಿ ಅದು ಕರಗಿದರೆ ಮಣ್ಣೇ ಸ್ವಲ್ಪ ಕರೆಂಟ್ ಹರಿಯಲು ಬಿಡುತ್ತದೆ. ಅಂದರೆ ಡಿಟೆಕ್ಟರ್‌ಗೆ ತೊಂದರೆ ಕೊಡುವ ಎಲ್ಲವೂ ಒಂದೇ ಕಡೆ.

ಕಾಯಿಲ್ ಒಳಗೆ ಏನು ನಡೆಯುತ್ತದೆ ಅಂತ ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಳಗೆ ಎರಡು ತಂತಿ ಸುರುಳಿ. ಒಂದು ಕಳಿಸುತ್ತದೆ, ಇನ್ನೊಂದು ಕೇಳುತ್ತದೆ. ಕಳಿಸುವ ಸುರುಳಿಯಲ್ಲಿ ಕರೆಂಟ್ ಸೆಕೆಂಡಿಗೆ 15,000 ಸಲ ಹಿಂದೆ ಮುಂದೆ ಓಡುತ್ತದೆ, ಅದರಿಂದ ನೆಲದೊಳಗೆ ಕಾಂತಕ್ಷೇತ್ರ ಏಳುತ್ತದೆ. ಅಲ್ಲಿ ಲೋಹ ಇದ್ದರೆ ಅದರ ಮೈಯಲ್ಲಿ ಸಣ್ಣ ಸುಳಿ ಕರೆಂಟ್ ಹುಟ್ಟಿ, ಅದರದೇ ಒಂದು ಕ್ಷೇತ್ರ ವಾಪಸ್ ಬರುತ್ತದೆ. ಕೇಳುವ ಸುರುಳಿಗೆ ಸಿಗಬೇಕಾದ್ದು ಇದು ಮಾತ್ರ. ಅದಕ್ಕೇ ಎರಡು ಸುರುಳಿಗಳನ್ನು ಒಂದರ ನೇರ ಪ್ರಭಾವ ಇನ್ನೊಂದರಲ್ಲಿ ಸೊನ್ನೆಯಾಗುವಂತೆ ಕೂರಿಸಿರುತ್ತಾರೆ. ಡಬಲ್ ಡಿ ಅಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಡಿ ಆಕಾರ, ನಡುವೆ ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತವೆ. ಚುರುಕು ಇರುವುದು ಆ ನಡುವಿನ ಪಟ್ಟಿಯಲ್ಲಿ, ಮುಂದಿನ ತುದಿಯಿಂದ ಹಿಂದಿನ ತುದಿವರೆಗೆ.

ಈಗ ತೊಡಕು ನೋಡಿ. ಮಣ್ಣಿನ ಕಬ್ಬಿಣದ ಕಣಗಳೂ ಆ ಕ್ಷೇತ್ರಕ್ಕೆ ಉತ್ತರ ಕೊಡುತ್ತವೆ. ದೊಡ್ಡ ಕಾಯಿಲ್ ಒಂದೇ ಸಲಕ್ಕೆ ಜಾಸ್ತಿ ಮಣ್ಣನ್ನು ನೋಡುತ್ತದೆ, ಜಾಸ್ತಿ ಮಣ್ಣಿನ ಗದ್ದಲ ಕೇಳುತ್ತದೆ. ತಾಳಿ ಬೊಟ್ಟಿನಂಥ ಸಣ್ಣ ಚಿನ್ನದ ಉತ್ತರ ಆ ಗದ್ದಲದೊಳಗೆ ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿದರೆ ಮಣ್ಣಿನ ಸದ್ದನ್ನು ಕಳೆಯಬಹುದು ನಿಜ. ಆದರೆ ಅದು ಆ ಜಾಗದ ಮಣ್ಣಿಗೆ ಮಾತ್ರ. ಕೆಮ್ಮಣ್ಣಿನಿಂದ ಗೋಡಿಗೆ ಇಳಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಮಾಡಬೇಕು. ಕೆಮ್ಮಣ್ಣಿನಲ್ಲಿ ಬ್ಯಾಲೆನ್ಸ್ ನಂಬರ್ ಮೇಲಕ್ಕೆ ಹೋಗಿ ಕೂತಿತ್ತು, ಕಬ್ಬಿಣದ ನೆಲದ ಗುರುತೇ ಅದು. ಗೋಡಿನಲ್ಲಿ ಇಳಿಯಿತು.

ಪರೀಕ್ಷೆ ಅಲ್ಲೇ, ಅದೇ ಮಣ್ಣಲ್ಲಿ

ಹೊಸ ಕಾಯಿಲ್ ಬಂದ ದಿನ ಮನೆ ಹಾಲ್‌ನಲ್ಲಿ ನಾಣ್ಯ ಆಡಿಸಿ ನೋಡುವುದು ಎಲ್ಲರೂ ಮಾಡುವ ಕೆಲಸ. ನಾನೂ ಮಾಡಿದ್ದೆ. ಗಾಳಿಯಲ್ಲಿ ದೊಡ್ಡ ಕಾಯಿಲ್ಲೇ ಮುಂದೆ, ಅದು ಇರಬೇಕಾದ್ದೇ ಹಾಗೆ. ಗಾಳಿಯಲ್ಲಿ ಕಬ್ಬಿಣದ ಕಣ ಇಲ್ಲ, ಮೊಳೆ ಇಲ್ಲ, ಗೊಬ್ಬರ ಇಲ್ಲ. ಹಾಗಾಗಿ ಆ ಫಲಿತಾಂಶದಿಂದ ಈ ತೋಟದ ಬಗ್ಗೆ ಏನೂ ತಿಳಿಯುವುದಿಲ್ಲ.

ನಾನು ಕೇಳಿದ್ದು ಕಳೆದ ಒಡವೆಯಂಥದೇ ಇನ್ನೊಂದು. ಮದುವೆಯಾದವರ ಕೊರಳಿಂದ ತಾಳಿ ಬಿಚ್ಚಿಸುವ ಮಾತೇ ಇಲ್ಲ. ಯಜಮಾನ್ರು ಆ ತಾಳಿ ಮಾಡಿಕೊಟ್ಟ ಅಕ್ಕಸಾಲಿಗರ ಹತ್ತಿರ ಹೋಗಿ, ಅದೇ ಅಳತೆಯ ಹೊಸ ಬೊಟ್ಟು, ಒಂದು ಗುಂಡು ಕೇಳಿ ತಂದರು. ಚೈನಿಗೆ ಅವರ ತಂಗಿಯ ಮಗಳದು ಸಿಕ್ಕಿತು. ಮೂರಕ್ಕೂ ಮೀನು ಗಾಳದ ನೈಲಾನ್ ದಾರ ಕಟ್ಟಿ, ದಾರದ ತುದಿಗೆ ಕೆಂಪು ಬಟ್ಟೆ ಚೂರು ಕಟ್ಟಿದೆ. ಹುಡುಕಲು ಹೋಗಿ ಎರವಲು ತಂದದ್ದನ್ನೂ ಮಣ್ಣಲ್ಲಿ ಬಿಡುವುದು ಬೇಡ. ಈ ದಾರದ ಉಪಾಯ ಯಾರೇ ಪರೀಕ್ಷೆ ಮಾಡಿದರೂ ತಪ್ಪಿಸಬಾರದು.

ತೋಟದ ಮೂಲೆಯಲ್ಲಿ ಕೆಮ್ಮಣ್ಣಿನ ಒಂದು ಜಾಗವನ್ನು ಮೊದಲು ಪೂರ್ತಿ ಹುಡುಕಿ, ಬೇರೆ ಲೋಹ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಅಲ್ಲಿ ಹೂಳಿ ನೋಡಿದೆ. ಎರಡೂ ಕಾಯಿಲ್‌ಗೆ ಸೆನ್ಸಿಟಿವಿಟಿ (ಎಷ್ಟು ಸಣ್ಣ ಉತ್ತರಕ್ಕೂ ಮೆಷಿನ್ ಸದ್ದು ಮಾಡಬೇಕು ಅನ್ನುವ ಮಟ್ಟ) ಒಂದೇ, ಮೇಲಿನ ಮಟ್ಟದಿಂದ ಸ್ವಲ್ಪ ಇಳಿಸಿದ್ದು. ಪ್ರತಿ ಸಲ ಕಾಯಿಲ್ ಬದಲಿಸಿದಾಗ ಗ್ರೌಂಡ್ ಬ್ಯಾಲೆನ್ಸ್ ಹೊಸದಾಗಿ. ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಿರಬೇಕು, ಸಡಿಲ ಬಿಟ್ಟರೆ ಕೋಲು ಆಡಿಸಿದಾಗೆಲ್ಲ ಸುಳ್ಳು ಸದ್ದು ಬರುತ್ತದೆ. ಕಾಯಿಲ್ ಕವರ್ ತೆಗೆದು ಒಳಗೆ ಸೇರಿದ ಕೆಂಪು ಧೂಳು ಒರೆಸಿದ್ದೂ ಇದೇ ಕಾರಣಕ್ಕೆ. ಈ ಊರ ಧೂಳೇ ಅರ್ಧ ಅದಿರು.

ಮಣ್ಣಿನ ಮೇಲೆ ಸುಮ್ನೆ ಇಟ್ಟಾಗ ತಾಳಿ ಬೊಟ್ಟನ್ನು ಎರಡೂ ಚೆನ್ನಾಗಿ ಹಿಡಿದವು. ನಾಲ್ಕು ಬೆರಳು ಆಳಕ್ಕೆ ಇಟ್ಟಾಗ ವ್ಯತ್ಯಾಸ ಶುರುವಾಯಿತು. ದೊಡ್ಡ ಕಾಯಿಲ್‌ನಲ್ಲಿ ಸದ್ದು ಒಡೆಯಿತು, ಒಮ್ಮೆ ಬಂದರೆ ಒಮ್ಮೆ ಇಲ್ಲ, ಯಾವ ಲೋಹ ಇರಬಹುದು ಅಂತ ಪರದೆ ಮೇಲೆ ತೋರಿಸುವ ನಂಬರ್ ಜಾರಿ ಕಬ್ಬಿಣದ ಸಾಲಿಗೆ ಬೀಳುತ್ತಿತ್ತು. ಸಣ್ಣದರಲ್ಲಿ ನಂಬರ್ ಕುಣಿದರೂ ಸದ್ದು ಎರಡೂ ಕಡೆಯಿಂದ ಬಂತು. ಆಮೇಲೆ ಬೊಟ್ಟಿನಿಂದ ಗೇಣಿಗಿಂತ ಸ್ವಲ್ಪ ಕಮ್ಮಿ ದೂರದಲ್ಲಿ ಒಂದು ತುಕ್ಕು ಮೊಳೆ ಇಟ್ಟೆ. ದೊಡ್ಡ ಕಾಯಿಲ್‌ಗೆ ಆಗ ಕೇಳಿಸಿದ್ದು ಮೊಳೆ ಮಾತ್ರ. ಸಣ್ಣದು ಎರಡು ಸದ್ದನ್ನು ಬೇರೆ ಬೇರೆ ಕೊಟ್ಟಿತು. ಕಾರಣ ಆ ನಡುವಿನ ಪಟ್ಟಿಯೇ. 11 ಇಂಚಿನ ಪಟ್ಟಿಯ ಕೆಳಗೆ ಬೊಟ್ಟು, ಮೊಳೆ ಎರಡೂ ಒಟ್ಟಿಗೆ ಬರುತ್ತವೆ. 8 ಇಂಚಿನದರಲ್ಲಿ ಒಂದು ಒಳಗಿದ್ದರೆ ಇನ್ನೊಂದು ಅಂಚಿನಲ್ಲೋ ಆಚೆಯೋ ಇರುತ್ತದೆ. ಗೇಣಿಗಿಂತ ಆಳ ಹೋದಾಗ ಎರಡೂ ಕಾಯಿಲ್ ಸುಮ್ಮನಾದವು. ಅದರಿಂದ ನನಗೆ ಬೇಸರವಾಗಲಿಲ್ಲ. ನಿನ್ನೆ ಮೊನ್ನೆ ಬಿದ್ದ ಒಡವೆ, ನೇಗಿಲೋ ಟಿಲ್ಲರ್ರೋ ಹೊಡೆಯದ ತೋಟ, ಅದು ಗೇಣು ಆಳಕ್ಕೆ ಹೇಗೆ ಹೋದೀತು?

ಚೈನಿನ ಫಲಿತಾಂಶವೇ ಎಲ್ಲಕ್ಕಿಂತ ಮುಖ್ಯ, ಇದನ್ನು ಗೊತ್ತಿಲ್ಲದವರು ತುಂಬ ಜನ. ಅಷ್ಟು ಚಿನ್ನ ಇದೆ, ಜೋರಾಗಿ ಕೂಗಬೇಕು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಸುಳಿ ಕರೆಂಟ್ ಹರಿಯಲು ಅಗಲವಾದ, ಒಂದೇ ಮೈಯ ಲೋಹ ಬೇಕು. ತಾಳಿ ಬೊಟ್ಟು ಬಿಲ್ಲೆಯಂತೆ ಇರುವುದರಿಂದ ಅದರಲ್ಲಿ ಕರೆಂಟ್ ಸಲೀಸಾಗಿ ಸುತ್ತುತ್ತದೆ. ಚೈನು ಅಂದರೆ ನೂರಾರು ಸಣ್ಣ ಸಣ್ಣ ಕೊಂಡಿ, ಒಂದಕ್ಕೊಂದು ಸುಮ್ನೆ ತಾಗಿಕೊಂಡಿರುತ್ತವೆ ಅಷ್ಟೇ. ಡಿಟೆಕ್ಟರ್‌ಗೆ ಕಾಣುವುದು ಒಂದು ಸರವಲ್ಲ, ಒಂದೊಂದೇ ಕೊಂಡಿ. ದೊಡ್ಡ ಕಾಯಿಲ್ ಚೈನಿನ ಮೇಲೆ ಹಾದರೂ ಸದ್ದು ಇಲ್ಲ. ಸಣ್ಣದು ಹಿಂದಿನ ಕೊಕ್ಕೆ ಇರುವ ಜಾಗದಲ್ಲಿ ಮಾತ್ರ ಗೀರಿದಂತೆ ಒಂದು ಸಣ್ಣ ಸದ್ದು ಕೊಟ್ಟಿತು. ಹಾಗಾಗಿ ನಾನು ಹುಡುಕಬೇಕಾದ್ದು ಸರವನ್ನಲ್ಲ, ಬೊಟ್ಟನ್ನು. ಬೊಟ್ಟು ಸಿಕ್ಕಿದರೆ ಅದರ ಸುತ್ತ ಕೈಯಲ್ಲಿ ಹುಡುಕಿ ಉಳಿದದ್ದನ್ನು ತೆಗೆಯಬಹುದು.

ಅಡಚಣೆಗಳು

ಬೋರ್ ಓಡುತ್ತಿರುವಾಗ ಸ್ಟಾರ್ಟರ್ ಡಬ್ಬಿ, ತ್ರೀ ಫೇಸ್ ತಂತಿ ಎರಡೂ ಸೇರಿ ಮೆಷಿನ್‌ಗೆ ಕಿರಿಕಿರಿ ಮಾಡುತ್ತಿದ್ದವು. ಹಂದಿ ಬರದಂತೆ ಹಾಕಿದ ಸೋಲಾರ್ ತಂತಿ ಬೇಲಿ ಬೇರೆ, ಸೆಕೆಂಡಿಗೊಮ್ಮೆ ಅಂದಾಜು ಟಕ್ ಅಂತ ಹೆಡ್‌ಫೋನ್‌ನಲ್ಲಿ ಬಡಿಯುತ್ತಿತ್ತು. ದೊಡ್ಡ ಕಾಯಿಲ್‌ನಲ್ಲಿ ಇದು ಇನ್ನೂ ಜಾಸ್ತಿ. ಬೇಲಿ ಆಫ್ ಮಾಡಿಸಿ, ತ್ರೀ ಫೇಸ್ ಕರೆಂಟ್ ಹೋಗುವವರೆಗೆ ಕಾದೆವು. ಹೇಗೂ ದಿನವಿಡೀ ಇರುವ ಕರೆಂಟ್ ಅಲ್ಲ ಅದು.

ಹತ್ತಿರದ ಲೋಹ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ದೇಹದೊಳಗಿನ ಗುಂಡು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಸುರುಳಿಗಳ ಯಂತ್ರ ತಂದಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗ್‌ಗಳೂ ಯಂತ್ರವನ್ನು ದಾರಿ ತಪ್ಪಿಸಿದವು ಅನ್ನುತ್ತಾರೆ. ನಮಗೆ ಹಾಸಿಗೆ ಸ್ಪ್ರಿಂಗ್ ಬದಲು ಡ್ರಿಪ್ ಪೈಪಿನ ಕ್ಲಾಂಪು, ಬೇಲಿ ತಂತಿ, ಎತ್ತಿನ ಲಾಳ.

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡ ಪರಿಣಾಮದ್ದು. ಕೊಯ್ದ ಹುಲ್ಲಿನ ಮೋಟು, ಅಡಿಕೆ ಬುಡ, ಡ್ರಿಪ್ ಪೈಪು ಇರುವ ಕಡೆ 11 ಇಂಚಿನ ಕಾಯಿಲ್ ನೆಲಕ್ಕೆ ತಾಗುವುದೇ ಇಲ್ಲ, ನಾಲ್ಕು ಬೆರಳು ಎತ್ತಿಕೊಂಡೇ ಆಡಿಸಬೇಕು. ಸಣ್ಣ ವಸ್ತುವಿಗೆ ದೂರ ಅಂದರೆ ತುಂಬ ದುಬಾರಿ. ಕಾಯಿಲ್ ಗಾತ್ರ ಮೀರಿದ ದೂರದಲ್ಲಿ, ದೂರ ಎರಡು ಪಟ್ಟಾದರೆ ಸದ್ದು ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಯಾಕೆಂದರೆ ಹೋಗುವಾಗಲೂ ಕುಗ್ಗುತ್ತದೆ, ಬರುವಾಗಲೂ ಕುಗ್ಗುತ್ತದೆ. ಹತ್ತಿರದಲ್ಲಿ ಅಷ್ಟು ಇಳಿಯದಿದ್ದರೂ ನಾಲ್ಕು ಬೆರಳು ಅಂದರೆ ಸಣ್ಣ ಮಾತಲ್ಲ. ಸಣ್ಣ ಕಾಯಿಲ್ ಮೋಟುಗಳ ನಡುವೆ, ಬುಡದ ಪಕ್ಕ ನುಸುಳಿ ನೆಲಕ್ಕೆ ಅಂಟಿಕೊಂಡೇ ಹೋಗುತ್ತದೆ. ಹಾಗೇ ಹೋಗಬೇಕು ಕೂಡ, ಎತ್ತಿ ಹಿಡಿದರೆ ಅದರ ಲಾಭ ಮೊದಲು ಹೋಗುತ್ತದೆ.

ಹುಡುಕಾಟ

ಇಡೀ ತೋಟವನ್ನು ಸಣ್ಣ ಕಾಯಿಲ್‌ನಲ್ಲಿ ಗುಡಿಸಲು ಆಗದು. ಸಾಲು 9 ಅಡಿ ಅಂತರದವು, ಪಟ್ಟಿ ಪಟ್ಟಿಯಾಗಿ ಒಂದರ ಮೇಲೊಂದು ಬರುವಂತೆ ಆಡಿಸುತ್ತಾ ಹೋದರೆ ಒಂದು ಸಾಲಿಗೇ ಬಹಳ ಹೊತ್ತು. ಅದಕ್ಕೆ ಮೊದಲು ತಾಳಿ ಕಳೆದುಕೊಂಡ ಅಕ್ಕನನ್ನು ಕರೆದು, ಆ ದಿನ ಮಾಡಿದ್ದನ್ನು ಮತ್ತೆ ಮಾಡಿ ತೋರಿಸಿ ಅಂತ ಕೇಳಿಕೊಂಡೆ. ಎಲ್ಲಿಂದ ಕೊಯ್ಯಲು ಶುರು, ಹೊರೆ ಎಲ್ಲಿ ಕಟ್ಟಿದ್ದು, ಎತ್ತಿದ್ದು ಯಾವ ಕಡೆ ತಿರುಗಿ, ಯಾವ ದಾರಿಯಲ್ಲಿ ಕೊಟ್ಟಿಗೆಗೆ ನಡೆದದ್ದು. ಅವರು ಬಾಗಿ, ಹೊರೆಗೆ ಎದೆ ಕೊಟ್ಟು, ಒಮ್ಮೆಲೇ ಎತ್ತಿ ತಲೆಗೆ ಏರಿಸಿಕೊಳ್ಳುವ ರೀತಿ ನೋಡಿದ ಮೇಲೆ ನನಗೆ ಅನ್ನಿಸಿತು, ಕಿತ್ತಿದ್ದರೆ ಇಲ್ಲೇ ಕಿತ್ತಿರಬೇಕು. ಹೊರೆಯ ಹಗ್ಗ ಕೊರಳ ಹತ್ತಿರವೇ ಉಜ್ಜುತ್ತದೆ. ಕಾಯಿಲ್ ಯಾವುದೇ ಇರಲಿ, ಕಳೆದುಕೊಂಡವರನ್ನು ಹೀಗೆ ಕೇಳಿ ತಿಳಿಯುವಷ್ಟು ಕೆಲಸಕ್ಕೆ ಬರುವುದು ಬೇರೆ ಯಾವುದೂ ಇಲ್ಲ.

ಹೊರೆ ಎತ್ತಿದ ಜಾಗದ ಸುತ್ತ ನಾಲ್ಕು ಮರದ ಚೌಕ. ಅಲ್ಲಿಂದ ಶುರು ಮಾಡಿ, ಕಬ್ಬಿಣ ಬೇಡ ಅನ್ನುವ ಸೆಟ್ಟಿಂಗ್ ತೆಗೆದು ಹಾಕಿ, ಎಲ್ಲ ಸದ್ದನ್ನೂ ಕೇಳುತ್ತಾ ಹೋದೆ. ಇದು ಬೇಕಂತಲೇ. ಕಬ್ಬಿಣದ ನೆಲದಲ್ಲಿ ಸಣ್ಣ ಚಿನ್ನದ ನಂಬರ್ ಕೆಳಗೆ ಎಳೆದುಕೊಂಡು ಹೋಗಿ ಕಬ್ಬಿಣದಂತೆ ಕಾಣಬಹುದು ಅಂತ ಪರೀಕ್ಷೆಯಲ್ಲೇ ಕಂಡಿತ್ತು. ಕಬ್ಬಿಣವನ್ನು ಮುಚ್ಚಿಟ್ಟರೆ ಚಿನ್ನವೂ ಅದರ ಜೊತೆ ಮುಚ್ಚಿಹೋಗಬಹುದು. ಹಾಗಾಗಿ ಸಿಕ್ಕಿದ್ದು ಬಹಳ. ಕುಡುಗೋಲಿನ ಮುರಿದ ತುದಿ, ಲಾಳದ ಮೊಳೆ, ಸೋಡಾ ಮುಚ್ಚಳ, ಎಲ್ಲಕ್ಕಿಂತ ಜಾಸ್ತಿ ಮಾತ್ರೆ ಶೀಟಿನ ಚೂರು. ಈ ಮಾತ್ರೆ ಶೀಟಿನ ಅಲ್ಯೂಮಿನಿಯಂ ಹಾಳೆಯ ಸದ್ದು ಸಣ್ಣ ಚಿನ್ನದ ಸದ್ದಿಗೆ ತುಂಬ ಹತ್ತಿರ. ಎರಡನ್ನೂ ನಂಬರ್ ನೋಡಿ ಬೇರೆ ಮಾಡಲು ಆಗುವುದಿಲ್ಲ, ಅಗೆಯಲೇ ಬೇಕು. ಚಿನ್ನಕ್ಕೆ ಇಂಥದೇ ನಂಬರ್ ಅಂತ ಹೇಳುವವರ ಮಾತು ಕೇಳಬೇಡಿ. ಗಾತ್ರ, ಆಕಾರ ಬದಲಾದ ಹಾಗೆ ನಂಬರ್ ಬದಲಾಗುತ್ತದೆ.

ಒಂದು ಮರದ ಪಾತಿಯ ಅಂಚಿನಲ್ಲಿ, ಕೊಳೆಯುತ್ತಿದ್ದ ಹಾಳೆ ಎತ್ತಿ ಹಾಕಿದ ಜಾಗದಲ್ಲಿ, ಕಬ್ಬಿಣದ ಗೊರ ಗೊರ ಸದ್ದಿನ ಬಾಲಕ್ಕೆ ಒಂದು ಚಿಕ್ಕ ಚೊಕ್ಕ ಸದ್ದು ಅಂಟಿಕೊಂಡು ಬಂತು. ಅದೇ ಜಾಗಕ್ಕೆ 90 ಡಿಗ್ರಿ ತಿರುಗಿ ನಿಂತು ಆಡಿಸಿದೆ. ಈಗ ಎರಡೂ ಬೇರೆಯಾದವು: ಎಡಕ್ಕೆ ಕಬ್ಬಿಣ, ಬಲಕ್ಕೆ ಆ ಚೊಕ್ಕ ಸದ್ದು, ಪ್ರತಿ ಸಲವೂ. ಮನೆಯವರೆಲ್ಲ ಅಲ್ಲೇ ನಿಂತಿದ್ದರು, ಅಗೆಯಿರಿ ಅಗೆಯಿರಿ ಅಂತ ಅವಸರ. ಸ್ವಲ್ಪ ಇರಿ ಅಂತ ಕೇಳಿಕೊಂಡು, ಕಡ್ಡಿ ನೆಟ್ಟು ಗುರುತು ಮಾಡಿ, ಕಾಯಿಲ್ ಬಿಚ್ಚಿ ದೊಡ್ಡದನ್ನು ಹಾಕಿದೆ. ಅಗೆದ ಮೇಲೆ ಈ ಹೋಲಿಕೆ ಮಾಡಲು ಸಾಧ್ಯವೇ ಇಲ್ಲ. ಮಣ್ಣು ಕದಡಿದರೆ ಎಲ್ಲ ಬದಲಾಗುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿ ಅದೇ ಎರಡು ದಿಕ್ಕಿನಿಂದ ಆಡಿಸಿದಾಗ ದೊಡ್ಡ ಕಾಯಿಲ್ ಒಂದು ದಿಕ್ಕಿನಲ್ಲಿ ಬರೀ ಕಬ್ಬಿಣ ಅಂದಿತು. ಇನ್ನೊಂದರಲ್ಲಿ ಒಮ್ಮೊಮ್ಮೆ ಮೇಲಿನ ಸದ್ದೊಂದು ಚಿಮ್ಮಿ ಮಾಯವಾಗುತ್ತಿತ್ತು. ಅಂಥ ಚಿಮ್ಮುವ ಸದ್ದು ಆ ತೋಟದ ತುಂಬ ಇದ್ದವು, ಪ್ರತಿಯೊಂದನ್ನೂ ಅಗೆಯುತ್ತಾ ಹೋದರೆ ಅಡಿಕೆ ಬೇರೆಲ್ಲ ಹಾಳು. ಇಲ್ಲಿ ಇದೆ ಅಂತ ಗೊತ್ತಿಲ್ಲದೆ ಇದ್ದಿದ್ದರೆ ನಾನು ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ. ಇದು ಆ ಕಾಯಿಲ್‌ನ ದೋಷವಲ್ಲ, ಅದು ಈ ಕೆಲಸಕ್ಕೆ ಮಾಡಿದ್ದಲ್ಲ ಅಷ್ಟೇ.

ಅಗೆದದ್ದು ಕೈಯಲ್ಲೇ. ಸಲಿಕೆ ಹಾಕಿದರೆ ಬೊಟ್ಟಿಗೆ ಪೆಟ್ಟು ಬೀಳಬಹುದು. ಎರಡು ಬೆರಳು ಆಳದಲ್ಲಿ ಮೊದಲು ಬಂದದ್ದು ಕರಿಮಣಿ, ಮಣ್ಣಿನ ಉಂಡೆಯಲ್ಲಿ ಅಂಟಿಕೊಂಡ ಎರಡು ಮೂರು. ಉಂಡೆ ಒಡೆದೆ. ಬೊಟ್ಟು ಮುಖ ಕೆಳಗಾಗಿ ಬಿದ್ದಿತ್ತು, ಮೇಲೆ ಕೆಂಪು ಮಣ್ಣು ಮೆತ್ತಿ ಬರೀ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತಿತ್ತು. ಪಕ್ಕದಲ್ಲೇ ಇನ್ನೊಂದು. ಒಂದು ಚೋಟು ಆಚೆ, ಆ ಗೊರ ಗೊರ ಸದ್ದಿಗೆ ಕಾರಣವಾದ ತುಕ್ಕು ಹಿಡಿದ ಬೈಂಡಿಂಗ್ ವೈರು. ಅತ್ತೆಯವರು ಬೊಟ್ಟುಗಳನ್ನು ಸೆರಗಿನಲ್ಲಿ ತಗೊಂಡು ಮೊದಲು ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಸೊಸೆಯ ಕೈಗೆ ಕೊಟ್ಟರು. ಆ ಅಕ್ಕ ಏನೂ ಮಾತಾಡಲಿಲ್ಲ, ಮಣ್ಣು ಕೂಡ ಒರೆಸದೆ ಮುಷ್ಟಿ ಬಿಗಿ ಹಿಡಿದು ನಿಂತರು.

ಚೈನು ಸಿಕ್ಕಿದ್ದು ಪರೀಕ್ಷೆಯಲ್ಲಿ ಕಂಡ ರೀತಿಯಲ್ಲೇ. ಬೊಟ್ಟು ಇದ್ದ ಕಡೆಯಿಂದ ಒಂದು ಮೊಳ ದೂರ, ಹುಲ್ಲಿನ ಬೇರಿನ ಜಡೆಯೊಳಗೆ, ಸಣ್ಣ ಕಾಯಿಲ್ ನೆಲಕ್ಕೆ ಉಜ್ಜಿದಾಗ ಗೀರಿದಂತೆ ಸದ್ದು. ಕೈ ಹಾಕಿದರೆ ಕೊಕ್ಕೆ. ಅದನ್ನು ಹಿಡಿದು ಮೆಲ್ಲಗೆ ಬಿಡಿಸಿದಾಗ ಉಳಿದ ಉದ್ದವೆಲ್ಲ ಬಂತು. ಆ ಉದ್ದದ ಮೇಲೆ ಕಾಯಿಲ್ ಹಾದಿತ್ತು, ಮೆಷಿನ್ ಒಂದು ಮಾತೂ ಆಡಿರಲಿಲ್ಲ. ಹವಳ ಮತ್ತು ಕರಿಮಣಿಗೆ ಯಾವ ಕಾಯಿಲ್ಲೂ ಇಲ್ಲ, ಅವನ್ನು ಮಣ್ಣು ಜರಡಿ ಹಿಡಿದೇ ತೆಗೆದದ್ದು. ಗುಂಡುಗಳಲ್ಲಿ ಒಂದು ಮಾತ್ರ ಸಿಗಲಿಲ್ಲ.

ಊರವರು ಕೇಳಿದ್ದು

ಡಿಟೆಕ್ಟರ್ ಹಿಡಿದು ಚಿತ್ರದುರ್ಗ ಸೀಮೆಯಲ್ಲಿ ಎಲ್ಲಿ ನಿಂತರೂ ಒಂದು ಮಾತು ಬರುತ್ತದೆ. ಇಲ್ಲೂ ಬಂತು. ತೋಟದಾಚೆಯ ಹಾಳೂರು ದಿಬ್ಬದಲ್ಲಿ ನಿಧಿ ಇದೆಯಂತೆ, ಇಷ್ಟು ಸಣ್ಣ ಒಡವೆ ಸಿಕ್ಕಿತಲ್ಲ, ಅಲ್ಲೂ ಒಂದು ಕೈ ನೋಡಿ ಅಣ್ಣ ಅಂತ. ನಾನು ಆಗುವುದಿಲ್ಲ ಅಂದೆ, ಕಾರಣವನ್ನೂ ಹೇಳಿದೆ. ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಅಡಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇ ಬೇಕು. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಒಂದು ಕಡೆ ಇರಲಿ. ಇದೇ ಜಿಲ್ಲೆಯ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ದೊರೆಗಳಾದ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯ ಸಿಕ್ಕಿವೆ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ, ಚಂದ್ರವಳ್ಳಿಯಲ್ಲಿ ಅಗೆಸಿದಾಗ ಯಾವ ಪದರದಲ್ಲಿ ಯಾವ ಮಡಕೆ, ಯಾವ ನಾಣ್ಯ ಅಂತ ಗುರುತು ಹಾಕಿದ್ದರಿಂದಲೇ ದಕ್ಷಿಣ ಭಾರತದ ಹಳೆಯ ಕಾಲಕ್ಕೆ ಒಂದು ಲೆಕ್ಕ ಸಿಕ್ಕಿತು. ರಾತ್ರಿ ಹೊತ್ತು ಗುಂಡಿ ತೋಡಿ ನಾಣ್ಯ ಕಿತ್ತರೆ ಆ ಪದರ ಮತ್ತೆ ಬರುವುದಿಲ್ಲ. ಈ ಮಾತು ಹೇಳಿ ಹೇಳಿ ಬಾಯಿ ನೋಯುತ್ತದೆ, ಆದರೂ ಹೇಳುತ್ತೇನೆ. ಕಾಯಿಲ್ ದೊಡ್ಡದಾದರೆ ಮೂರಡಿ ಆಳದ ನಿಧಿ ಸಿಗುತ್ತದೆ ಅಂತ ಮಾರುವವರೂ ಇದ್ದಾರೆ, ಅಂಥವರಿಂದ ದುಡ್ಡು ಕಳೆದುಕೊಂಡವರನ್ನು ಈ ಕಡೆ ಹಳ್ಳಿಗಳಲ್ಲೇ ನೋಡಿದ್ದೇನೆ.

ಎಲ್ಲಿ ನಿಲ್ಲುತ್ತದೆ ಈ ಪ್ರಕರಣ

ಒಂದು ತೋಟ, ಒಂದು ಒಡವೆ. ಇದರಿಂದ ಸಣ್ಣ ಕಾಯಿಲ್ ಯಾವಾಗಲೂ ಮೇಲು ಅಂತ ನಾನು ಹೇಳುವುದಿಲ್ಲ. ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ಟ್ರ್ಯಾಕ್ಟರ್ ಪಿನ್ನೋ ಬೆಳ್ಳಿ ಉಡಿದಾರವೋ ಬಿದ್ದಿದ್ದರೆ ನಾನು ಹಾಕುವುದು 11 ಇಂಚಿನದೇ. ಅಲ್ಲಿ ಹುಡುಕುವ ವಸ್ತು ದೊಡ್ಡದು, ಕಸ ಕಮ್ಮಿ, ನಡೆಯಬೇಕಾದ ನೆಲ ಜಾಸ್ತಿ. ಸಣ್ಣ ಕಾಯಿಲ್ ಹಿಡಿದು ಎಕರೆ ಹೊಲ ಗುಡಿಸಲು ಹೋದರೆ ಸಂಜೆಗೆ ತೋಳು ಬೀಳುತ್ತದೆ, ಹೊಲ ಉಳಿಯುತ್ತದೆ. ಇನ್ನೊಂದು, ಈ ಕಾಯಿಲ್ ಹಾಕಿದ ಮಾತ್ರಕ್ಕೆ ಮೆಷಿನ್‌ನ ಫ್ರೀಕ್ವೆನ್ಸಿ ಬದಲಾಗಲಿಲ್ಲ, 15 ಕಿಲೋಹರ್ಟ್ಸ್ ಹಾಗೇ ಇದೆ. ಚೈನು ಕೇಳಿಸದೆ ಹೋದದ್ದಕ್ಕೆ ಅದೂ ಒಂದು ಕಾರಣ. ತೀರಾ ಸಣ್ಣ ಚಿನ್ನಕ್ಕೆ ಇನ್ನೂ ಮೇಲಿನ ಫ್ರೀಕ್ವೆನ್ಸಿಯ ಮೆಷಿನ್ ಚೆನ್ನ. ಮತ್ತೆ, ಒಂದು ಮೆಷಿನ್‌ನ ಕಾಯಿಲ್ ಇನ್ನೊಂದಕ್ಕೆ ಆಗುವುದಿಲ್ಲ. ಪ್ಲಗ್ ಕೂತರೂ ಒಳಗಿನ ಸುರುಳಿಯ ಲೆಕ್ಕ ಬೇರೆ ಇರುತ್ತದೆ, ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳುವ ಮುಂಚೆ ಇದನ್ನು ವಿಚಾರಿಸಿ.

ಸಿಗದೆ ಉಳಿದ ಆ ಚಿನ್ನದ ಗುಂಡು ಹುಡುಕಲು ಬೇಸಿಗೆಯಲ್ಲಿ ಮತ್ತೆ ಹೋಗುತ್ತೇನೆ. ಆಗ ಪಾತಿ ಒಣಗಿರುತ್ತದೆ, ಗೊಬ್ಬರದ ನೀರಿನ ತೊಂದರೆ ಕಮ್ಮಿಯಾಗಿರುತ್ತದೆ, ಕಬ್ಬಿಣದ್ದು ಮಾತ್ರ ಹಾಗೇ ಇರುತ್ತದೆ. ಅಷ್ಟರವರೆಗೆ ಆ ನಾಲ್ಕು ಮರದ ಚೌಕಕ್ಕೆ ಮಣ್ಣು ಹೊಡೆಸಬೇಡಿ, ಟಿಲ್ಲರ್ ಹಾಕಬೇಡಿ ಅಂತ ಯಜಮಾನ್ರಿಗೆ ಹೇಳಿ ಬಂದಿದ್ದೇನೆ. ಅವರು ನಾಲ್ಕೂ ಮರಕ್ಕೆ ಸುಣ್ಣ ಬಳಿದು ಗುರುತು ಇಟ್ಟಿದ್ದಾರೆ.